ಸತ್ಯವೇದದ ಮಣ್ಣಿನ ಮಾಳಿಗೆ

ಕೇಳುಗರಿಗೆ ನಮಸ್ಕಾರ.

ಸತ್ಯವೇದದ, ಅಂದರೆ ಬೈಬಲಿನ, ಪ್ರಸಂಗಿ ಪುಸ್ತಕದ 10ನೆಯ ಅಧ್ಯಾಯದಲ್ಲಿ ಒಂದು ಪುಟ್ಟ ವಚನವಿದೆ, 18ನೆಯದು. ಸೋಮಾರಿತನದಿಂದ ತೊಲೆ ಬಾಗುತ್ತದೆ, ಕೈಕಟ್ಟಿ ಕೂತರೆ ಮನೆ ಸೋರುತ್ತದೆ ಎಂಬುದು ಅದರ ತಾತ್ಪರ್ಯ. ತಾರಸಿ ಮನೆಯಲ್ಲಿ ಕೂತು ಓದುವ ನಾವು ಬುದ್ಧಿಮಾತೆಂದು ತಲೆದೂಗಿ ಮುಂದೆ ಹೋಗುತ್ತೇವೆ. ಸೋಮಾರಿತನಕ್ಕೂ ತೊಲೆಗೂ ಏನು ನಂಟು? ಅದನ್ನು ತಿಳಿಯಬೇಕಾದರೆ ಆ ಕಾಲದವರ ಮನೆಯ ಮೇಲೆ ಹತ್ತಿ ನೋಡಬೇಕು.

ಬೈಬಲ್ ಕಾಲದ ಪ್ಯಾಲೆಸ್ತೀನಿನಲ್ಲಿ ಸಾಮಾನ್ಯರ ಮನೆಗೆ ಇದ್ದದ್ದು ಮಟ್ಟಸವಾದ ಮಣ್ಣಿನ ಮಾಳಿಗೆ. ನಮ್ಮ ವಿಜಯಪುರ, ಕಲಬುರಗಿ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಅರ್ಧ ವಿವರಣೆ ಬೇಕಿಲ್ಲ. ಗೋಡೆಯಿಂದ ಗೋಡೆಗೆ ತೊಲೆ. ಬಡವರ ಮನೆಗೆ ಹೆಚ್ಚಾಗಿ ಕಾಡು ಅತ್ತಿಮರ. ದೇವದಾರು ಲೆಬನೋನಿನಿಂದ ಬರಬೇಕು, ಅದು ಅರಮನೆ, ದೇವಾಲಯಗಳ ಮಾತು. ಉದ್ದನೆಯ ನೆಟ್ಟಗಿನ ಮರ ಸಿಗುವುದು ಕಷ್ಟವಾದ್ದರಿಂದ ಕೋಣೆಯ ಅಗಲ ಸುಮಾರು 3 ಮೀಟರಿನ ಆಸುಪಾಸಿನಲ್ಲೇ ಉಳಿಯುತ್ತಿತ್ತು. ತೊಲೆಗಳ ಮೇಲೆ ಅಡ್ಡಡ್ಡವಾಗಿ ಕೊಂಬೆರೆಂಬೆ, ಅದರ ಮೇಲೆ ಜೊಂಡು, ಎಲ್ಲಕ್ಕೂ ಮೇಲೆ ಹೊಟ್ಟು ಕಲಸಿ ತುಳಿದು ಗಟ್ಟಿ ಮಾಡಿದ ಮಣ್ಣು. ಅನುಕೂಲವಿದ್ದವರು ಸುಣ್ಣದ ಗಾರೆಯನ್ನೂ ಬಳಿಯುತ್ತಿದ್ದರು.

ಈ ಮಣ್ಣು ಹಗುರವೇನಲ್ಲ. ಒಂದು ಗೇಣು ದಪ್ಪ ಹಾಕಿದರೆ ಚದರ ಮೀಟರಿಗೆ 300 ಕಿಲೋ ಮೀರುತ್ತದೆ. 3 ಮೀಟರ್ ಅಗಲ, 4 ಮೀಟರ್ ಉದ್ದದ ಕೋಣೆ ಎಂದರೆ ತೊಲೆಗಳ ಮೇಲೆ ಮೂರೂವರೆ ಟನ್ನಿಗೂ ಹೆಚ್ಚು ಭಾರ, ಅದೂ ಮಣ್ಣು ಒಣಗಿದ್ದಾಗ.

ಆ ನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಸುಳಿವೇ ಇರುವುದಿಲ್ಲವೆನ್ನಬಹುದು. ಬಿಸಿಲಿಗೆ ಮಾಳಿಗೆ ಬಿರುಕು ಬಿಡುತ್ತದೆ. ಅಕ್ಟೋಬರಿನ ಸುಮಾರಿಗೆ ಮೊದಲ ಮಳೆ. ಅಷ್ಟರೊಳಗೆ ಹೊಸ ಮಣ್ಣು ಕಲಸಿ ಬಿರುಕುಗಳಿಗೆ ಮೆತ್ತಿರಬೇಕು. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಮಳೆ ಬಂದು ನಿಂತಾಗಲೆಲ್ಲ ಮೇಲೆ ಹತ್ತಿ ಕಲ್ಲಿನ ಉರುಳೆ ಎಳೆಯಬೇಕು. ಕಂಬದ ತುಂಡಿನಂಥ ದುಂಡುಕಲ್ಲು ಅದು. ಕೆಳಗಿಳಿಸಿ ಹತ್ತಿಸುವ ಗೋಜು ಬೇಡವೆಂದು ಮಾಳಿಗೆಯ ಮೇಲೆಯೇ ಬಿಟ್ಟಿರುತ್ತಿದ್ದರು. ಉತ್ಖನನಗಳಲ್ಲಿ ಇಂಥ ಉರುಳೆಗಳು ಸಿಕ್ಕಿವೆ. ಲೆಬನೋನ್, ಪ್ಯಾಲೆಸ್ತೀನಿನ ಹಳ್ಳಿಗಳಲ್ಲಿ ಕಳೆದ ಶತಮಾನದವರೆಗೂ ಅವು ಬಳಕೆಯಲ್ಲಿದ್ದವು. ಇದಕ್ಕೆ ಹೊತ್ತು ನೋಡಬೇಕು. ಮಣ್ಣು ಕೆಸರಾಗಿದ್ದಾಗ ಎಳೆದರೆ ಕಲ್ಲಿಗೆ ಅಂಟಿ ಕಿತ್ತು ಬರುತ್ತದೆ. ಪೂರ್ತಿ ಒಣಗಿದ ಮೇಲೆ ಎಳೆದರೆ ಬಿರುಕು ಕೂಡಿಕೊಳ್ಳುವುದಿಲ್ಲ. ಹದವಾದ ತೇವದಲ್ಲಿ ಉರುಳಿಸಿದಾಗ ಮಣ್ಣಿನ ಕಣಗಳು ಒತ್ತಾಗಿ ಕೂತು, ಮುಂದಿನ ಮಳೆಯ ನೀರು ಒಳಗಿಳಿಯದೆ ಹರಿದುಹೋಗುತ್ತದೆ.

ಒಬ್ಬ ಮೈಗಳ್ಳ ಒಂದೆರಡು ಮಳೆಗೆ ಹತ್ತಲಿಲ್ಲ ಎನ್ನಿ. ಬಿರುಕಿನಲ್ಲಿ ನೀರು ಇಳಿಯುತ್ತದೆ, ಮಣ್ಣು ನೀರು ಕುಡಿದು ಇನ್ನೂ ಭಾರವಾಗುತ್ತದೆ, ತೊಲೆ ತುಸು ಬಾಗುತ್ತದೆ. ಬಾಗಿದಲ್ಲಿ ಮಾಳಿಗೆ ತಗ್ಗಾಗುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ. ನಿಂತ ನೀರಿನ ತೂಕಕ್ಕೆ ತೊಲೆ ಮತ್ತಷ್ಟು ಬಾಗುತ್ತದೆ, ಒದ್ದೆಯಲ್ಲೇ ಇದ್ದು ಕೊಳೆಯತೊಡಗುತ್ತದೆ. ವಚನದಲ್ಲಿ ಮೊದಲು ತೊಲೆ, ಆಮೇಲೆ ಸೋರಿಕೆ ಎಂದು ಬಂದಿರುವುದನ್ನು ಗಮನಿಸಿ. ಮನೆ ಕಟ್ಟಿ ಗೊತ್ತಿದ್ದವರ ಮಾತು ಅದು.

ಸತ್ಯವೇದದ್ದೇ ಇನ್ನೊಂದು ಪುಸ್ತಕ ಜ್ಞಾನೋಕ್ತಿ. ಅದರ 27:15ರಲ್ಲಿ ಜಗಳಗಂಟ ಹೆಂಡತಿಯನ್ನು ದೊಡ್ಡ ಮಳೆಯ ದಿನ ತಟತಟ ತೊಟ್ಟಿಕ್ಕುವ ಹನಿಗೆ ಹೋಲಿಸಿದೆ. ಹೆಂಗಸರು ಇದನ್ನು ಒಪ್ಪಬೇಕೆಂದು ನಾನೇನೂ ಹೇಳಲಾರೆ. ಹೇಳಿದವನು ಗಂಡಸೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮಣ್ಣಿನ ಮಾಳಿಗೆಯ ಸೋರಿಕೆ ಎಂಥದೆಂದು ಅವನಿಗೆ ಗೊತ್ತಿತ್ತು. ಮಳೆ ಸುರಿಯುವಾಗ ಅದನ್ನು ಸರಿಮಾಡಲು ಬರುವುದಿಲ್ಲ, ಹಾಕಿದ ಹಸಿಮಣ್ಣು ಕೊಚ್ಚಿಹೋಗುತ್ತದೆ. ಹೊರಗೆ ಮಳೆ ನಿಂತರೂ ಮೇಲಿನ ಮಣ್ಣು ಕುಡಿದ ನೀರು ಒಳಗೆ ತೊಟ್ಟಿಕ್ಕುತ್ತಲೇ ಇರುತ್ತದೆ.

ಕೀರ್ತನೆ 129ರಲ್ಲಿ ಚೀಯೋನನ್ನು, ಅಂದರೆ ಯೆರೂಸಲೇಮನ್ನು, ದ್ವೇಷಿಸುವವರು ಮಾಳಿಗೆಯ ಮೇಲಿನ ಹುಲ್ಲಿನಂತಾಗಲಿ ಎಂಬ ಶಾಪವಿದೆ. ಕಲಸಿದ ಮಣ್ಣು ಮತ್ತು ಹೊಟ್ಟಿನಲ್ಲಿ ಬೀಜಗಳು ಉಳಿದಿರುತ್ತವೆ, ಮಳೆಗೆ ಮೊಳೆಯುತ್ತವೆ. ಬೇರಿಳಿಯಲು ಆಳವಿಲ್ಲ. ಮಳೆ ಹಿಂದೆಗೆದು ಬಿಸಿಲು ಏರಿದ ಕೂಡಲೇ ಒಣಗುತ್ತದೆ, ಕೊಯ್ಯುವವನಿಗೆ ಒಂದು ಹಿಡಿಯೂ ಸಿಗುವುದಿಲ್ಲ.

ಈಗ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯಕ್ಕೆ ಬರೋಣ. ಗಲಿಲಾಯದ ಕಪೆರ್ನೌಮ್ ಎಂಬ ಊರಿನ ಮನೆಯೊಂದರಲ್ಲಿ ಯೇಸು ಮಾತಾಡುತ್ತಿದ್ದಾನೆ, ಬಾಗಿಲಲ್ಲೂ ಜಾಗವಿಲ್ಲದಷ್ಟು ಜನ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತುತಂದು, ಮೇಲೆ ಹತ್ತಿ, ಮಾಳಿಗೆಯನ್ನು ತೋಡಿ ಕೆಳಗಿಳಿಸಿದರು. ರೋಗಿಯನ್ನು ಹೊತ್ತು ಮೇಲೆ ಹೋದದ್ದು ಹೇಗೆ? 1968ರಿಂದ ಫ್ರಾನ್ಸಿಸ್ಕನ್ ಪುರಾತತ್ತ್ವಜ್ಞರಾದ ಕಾರ್ಬೊ ಮತ್ತು ಲೊಫ್ರೆದಾ ಕಪೆರ್ನೌಮಿನಲ್ಲಿ ನಡೆಸಿದ ಉತ್ಖನನ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿನ ಮನೆಗಳು ಕರಿ ಬಸಾಲ್ಟ್ ಕಲ್ಲಿನವು. ಒಂದೇ ಅಂಗಳದ ಸುತ್ತ ಹಲವು ಕೋಣೆಗಳು, ಅಂಗಳದಿಂದ ಮೇಲಕ್ಕೆ ಕಲ್ಲಿನ ಮೆಟ್ಟಿಲು. ಒರಟು ಕಲ್ಲಿನ ಗೋಡೆಗಳ ಮೇಲೆ ಇಲ್ಲೂ ಮರ, ಮಣ್ಣಿನ ಮಾಳಿಗೆಯೇ. ತೊಲೆಯನ್ನು ಕಡಿಯುವ ಅಗತ್ಯ ಅವರಿಗಿರಲಿಲ್ಲ. ಎರಡು ತೊಲೆಗಳ ನಡುವಿನ ಮಣ್ಣು ಕೆದಕಿ, ಜೊಂಡು, ಕೊಂಬೆ ಎತ್ತಿಟ್ಟರೆ ಕಂಡಿ ಆಯಿತು. ಕೆಳಗಿದ್ದವರ ತಲೆಯ ಮೇಲೆ ಮಣ್ಣು, ಹೊಟ್ಟು ಉದುರಿರಲೇಬೇಕು. ಇಳಿಸಿದ ಹಾಸಿಗೆಯೂ ಬಡವರ ಸುತ್ತಿಡುವ ಹಾಸಿಗೆ. ಗುಣವಾದ ಮೇಲೆ ಅವನೇ ಅದನ್ನು ಎತ್ತಿಕೊಂಡು ನಡೆದ.

ಇದೇ ಸಂಗತಿಯನ್ನು ಬರೆಯುವಾಗ ಇನ್ನೊಬ್ಬ ಸುವಾರ್ತೆಗಾರ ಲೂಕ ಹೆಂಚು ತೆಗೆದರು ಎನ್ನುತ್ತಾನೆ. ಹೆಂಚಿನ ಸೂರು ಬಲ್ಲ ಗ್ರೀಕ್ ಪಟ್ಟಣಗಳ ಓದುಗರಿಗೆ ಹಾಗೆ ಹೇಳಿರಬಹುದು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ, ನನಗೂ ಅದೇ ಸರಿ ಎನಿಸುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತಲ್ಲ, ಆ ಹೆಂಚಿನಡಿ ಬೆಳೆದ ಕರಾವಳಿಯ ಕ್ರೈಸ್ತರಿಗೆ ಲೂಕನ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ, ಬಯಲುಸೀಮೆಯವರಿಗೆ ಮಾರ್ಕನದು.

ಮಾಳಿಗೆ ಬರಿಯ ಸೂರೂ ಆಗಿರಲಿಲ್ಲ. ಬೇಸಿಗೆಯಲ್ಲಿ ಮಲಗುವುದು, ಧಾನ್ಯ ಒಣಗಿಸುವುದು, ಪ್ರಾರ್ಥನೆ ಎಲ್ಲ ಅಲ್ಲೇ. ಯೆಹೋಶುವ ಪುಸ್ತಕದ 2ನೆಯ ಅಧ್ಯಾಯದಲ್ಲಿ ಯೆರಿಕೋ ಪಟ್ಟಣದ ರಾಹಾಬಳೆಂಬ ಹೆಂಗಸು ಇಸ್ರಾಯೇಲ್ಯರ ಗೂಢಚಾರರನ್ನು ಬಚ್ಚಿಟ್ಟದ್ದು ಮಾಳಿಗೆಯ ಮೇಲೆ ಹರಡಿದ್ದ ಅಗಸೆ ದಂಟಿನಡಿ. ಅಗಸೆ ಕೀಳುವುದು ವಸಂತದಲ್ಲಿ, ಜವೆಗೋದಿಯ ಕಾಲಕ್ಕೆ. ಅದೇ ಸುಗ್ಗಿಯಲ್ಲಿ ಯೊರ್ದನ್ ನದಿ ತುಂಬಿ ಹರಿಯುತ್ತಿತ್ತು ಎಂದು ಮುಂದಿನ ಅಧ್ಯಾಯ ಹೇಳುತ್ತದೆ. ಎರಡೂ ತಾಳೆಯಾಗುತ್ತವೆ. ಇಷ್ಟು ಓಡಾಟವಿರುವ ಕಡೆ ಜನ ಬೀಳುವುದೂ ಇತ್ತು. ಅದಕ್ಕೇ ಧರ್ಮೋಪದೇಶಕಾಂಡ 22:8 ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆ ಕಟ್ಟಲೇಬೇಕು, ಯಾರಾದರೂ ಬಿದ್ದು ಸತ್ತರೆ ರಕ್ತದ ಹೊಣೆ ಮನೆಯವನದು ಎನ್ನುತ್ತದೆ. ಮುಂದೆ ಯೆಹೂದಿ ಪಂಡಿತರು ಅದರ ಎತ್ತರವನ್ನು ಹತ್ತು ಅಂಗೈ ಅಗಲ ಎಂದು ಗೊತ್ತುಮಾಡಿದರು, ಅಂದರೆ ಸುಮಾರು 80 ಸೆಂಟಿಮೀಟರ್.

ಜಗಳಗಂಟಿಯ ಜೊತೆ ದೊಡ್ಡ ಮನೆಯಲ್ಲಿರುವುದಕ್ಕಿಂತ ಮಾಳಿಗೆಯ ಮೂಲೆಯಲ್ಲಿರುವುದೇ ಮೇಲು ಎಂದು ಜ್ಞಾನೋಕ್ತಿ 21:9 ಹೇಳುವುದು ಈ ಗೋಡೆಯ ಮೂಲೆಯ ವಿಚಾರವನ್ನೇ. ಬೇಸಿಗೆಯ ರಾತ್ರಿಗೆ ಅದು ಶಿಕ್ಷೆಯೇ ಅಲ್ಲ, ತಂಗಾಳಿ ಬೀಸುತ್ತದೆ. ಡಿಸೆಂಬರಿನ ಮಳೆಯಲ್ಲಿ ಮೇಲೆ ಹೋಗಿ ಕೂತವನಿಗೆ ಮಾತ್ರ, ಮಳೆ ನಿಂತ ಕೂಡಲೇ ಪಕ್ಕದಲ್ಲೇ ಬಿದ್ದಿರುವ ಉರುಳೆ ಎಳೆಯುವ ಕೆಲಸ ಕಾದಿರುತ್ತಿತ್ತು.

ನಮಸ್ಕಾರ.