ಕಾರಾಪುರದ ಮಾವುತನ ಮಗ, ಹಾಲಿವುಡ್‌ನ ಸಾಬು

[ಕಬಿನಿ ಹಿನ್ನೀರು, ದಡದಲ್ಲಿ ಆನೆ ಹಿಂಡು]

ಎಚ್.ಡಿ. ಕೋಟೆ ಕಡೆ ಕಬಿನಿ ಸಫಾರಿಗೆ ಹೋದವರಿಗೆ ಕಾರಾಪುರ ಗೊತ್ತಿರುತ್ತೆ. 1924ರಲ್ಲಿ ಅಲ್ಲಿ ಹುಟ್ಟಿದ ಒಬ್ಬ ಹುಡುಗನ ಹೆಸರು ಇವತ್ತು ತಾರೆಯರ ಹೆಸರು ಕೆತ್ತಿರೋ ಕಾಲುದಾರಿ, ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿದೆ. ಸಾಬು.

ಅಪ್ಪ ಮೈಸೂರು ಮಹಾರಾಜರ ಆನೆ ಮಾವುತ. ಅಪ್ಪ, ಅಮ್ಮ ಇಬ್ಬರೂ ಇವನು ಚಿಕ್ಕವನಿದ್ದಾಗಲೇ ತೀರಿಕೊಂಡ್ರು. ಕಿಪ್ಲಿಂಗ್ ಬರೆದ ಆನೆ ಕಥೆಯನ್ನ ಸಿನಿಮಾ ಮಾಡೋಕೆ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ, ಈ ಹುಡುಗ ಯೂನಿಟ್‌ನವರ ಕಣ್ಣಿಗೆ ಬಿದ್ದ. 1937ರಲ್ಲಿ ಇವನೇ ಮುಖ್ಯ ಪಾತ್ರದಲ್ಲಿದ್ದ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅಷ್ಟೊತ್ತಿಗಾಗಲೇ ಸಾಬು ಮತ್ತು ಅವನ ಅಣ್ಣ ಇಬ್ಬರನ್ನೂ ಇಂಗ್ಲೆಂಡಿಗೆ ಕರೆಸಿಕೊಂಡಿದ್ರು.

[ಕ್ಲಿಪ್: 'ದ ಥೀಫ್ ಆಫ್ ಬಾಗ್ದಾದ್', ಕಡಲ ದಂಡೆ]

ಈ ಸೀನ್ ನೋಡಿ. ಬರಿಮೈಯ ಹುಡುಗ ಸೀಸೆಯ ಮುಚ್ಚಳ ತೆಗೀತಾನೆ, ಮುಗಿಲೆತ್ತರದ ಜೀನಿ ಎದ್ದು ನಿಲ್ಲುತ್ತೆ. ತುಳಿದು ಸಾಯಿಸ್ತೀನಿ ಅನ್ನುತ್ತೆ. ಹುಡುಗ ಏನ್ಮಾಡ್ತಾನೆ? ಇಷ್ಟು ದೊಡ್ಡ ಆಸಾಮಿ ಇಷ್ಟು ಸಣ್ಣ ಸೀಸೆಯಲ್ಲಿದ್ದೆ ಅಂದ್ರೆ ನಂಬೋಕಾಗಲ್ಲ ಅಂತಾನೆ. ತೋರಿಸೋಕೆ ಅಂತ ಜೀನಿ ಒಳಗೆ ಹೋಗಿದ್ದೇ ತಡ, ಮುಚ್ಚಳ ಹಾಕ್ಬಿಡ್ತಾನೆ! ನೀಲಿ ಪರದೆ ಮುಂದೆ ನಟರನ್ನ ಚಿತ್ರಿಸಿ, ಆಮೇಲೆ ಬೇರೆ ದೃಶ್ಯದ ಜೊತೆ ಸೇರಿಸೋ ಟ್ರಿಕ್ ಫೋಟೋಗ್ರಫಿ ಇದು, 1940ರಲ್ಲಿ. ಸ್ಪೆಷಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ಆದ್ರೆ ಆ ಜೀನಿ ನಿಜ ಅಂತ ನಮಗೆ ಅನಿಸೋದು ಸಾಬು ಮುಖ ನೋಡಿ.

1942ರಲ್ಲಿ 'ಜಂಗಲ್ ಬುಕ್', ಅದರಲ್ಲಿ ಮೋಗ್ಲಿ. ಆಮೇಲೆ ಯೂನಿವರ್ಸಲ್ ಸ್ಟುಡಿಯೋದವರು ನಟಿ ಮರಿಯಾ ಮಾಂಟೆಜ್ ಜೊತೆ ಬಣ್ಣಬಣ್ಣದ ಸೆಟ್ ಹಾಕಿ ಸಾಲಾಗಿ ಸಿನಿಮಾ ತೆಗೆದ್ರು. ಹೀರೋ ಮಾತ್ರ ಜಾನ್ ಹಾಲ್. ಸಾಬು ಪಕ್ಕದಲ್ಲಿರೋ ತುಂಟ ಗೆಳೆಯ.

1944ರಲ್ಲಿ ಅಮೆರಿಕದ ಪೌರತ್ವ ಸಿಕ್ತು. ಪೆಸಿಫಿಕ್ ಯುದ್ಧದಲ್ಲಿ ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಹಾರಾಡಿದ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ತಗೊಂಡ. ಯುದ್ಧ ಮುಗಿಸಿ ಬಂದವನಿಗೆ ಹಾಲಿವುಡ್ ಕೊಟ್ಟಿದ್ದು ಮತ್ತದೇ ಕಾಡು, ಅದೇ ಆನೆ, ಅದೇ ಹುಲಿ. ಸೂಟ್ ಹಾಕ್ಕೊಂಡು ಆಫೀಸಿಗೆ ಹೋಗೋ ಪಾತ್ರ ಕೊಡಬೇಕು ಅಂತ ಯಾರಿಗೂ ಹೊಳೀಲಿಲ್ಲ. ನನಗೆ ಸಿಟ್ಟು ಬರೋದು ಇಲ್ಲೇ.

ನಡುವೆ ಒಂದು ಒಳ್ಳೇ ಪಾತ್ರ: 1947ರ 'ಬ್ಲ್ಯಾಕ್ ನಾರ್ಸಿಸಸ್'. ಮೈತುಂಬ ರೇಷ್ಮೆ, ಒಡವೆ, ಜೊತೆಗೆ ಘಮ್ಮೆನ್ನೋ ಸೆಂಟು ಪೂಸಿಕೊಂಡು ಸನ್ಯಾಸಿನಿಯರ ಹತ್ತಿರ ಪಾಠ ಕಲಿಯೋಕೆ ಬರೋ ಶೋಕಿಲಾಲ ರಾಜಕುಮಾರ. ಹಿಮಾಲಯದ ಕಥೆ, ಶೂಟಿಂಗ್ ಪೂರ್ತಿ ಇಂಗ್ಲೆಂಡಿನಲ್ಲಿ!

[ಸರ್ಕಸ್ ಪೋಸ್ಟರ್]

1950ರ ಹೊತ್ತಿಗೆ ಅವಕಾಶ ಕಮ್ಮಿ ಆಯ್ತು. ಲಂಡನ್ನಿನ ಹ್ಯಾರಿಂಗೇ ಸರ್ಕಸ್‌ನಲ್ಲಿ ಆನೆ ಆಡಿಸಿದ. 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ನಿರ್ದೇಶಕ ಮೆಹಬೂಬ್ ಖಾನ್ ಮೊದಲು ಯೋಚಿಸಿದ್ದು ಸಾಬುವನ್ನೇ. ಅದು ಕೈಗೂಡದೆ ಸುನಿಲ್ ದತ್ ಪಾಲಾಯ್ತು. ನಮ್ಮ ದೇಶದವರು ತೆಗೆದ ಒಂದು ಸಿನಿಮಾದಲ್ಲೂ ಸಾಬು ನಟಿಸಲಿಲ್ಲ.

1963ರ ಡಿಸೆಂಬರ್ 2ರಂದು ಹೃದಯಾಘಾತ. ವಯಸ್ಸು 39 ಅಷ್ಟೇ. ಕೊನೆಯ ಸಿನಿಮಾ ಡಿಸ್ನಿಯವರ 'ಎ ಟೈಗರ್ ವಾಕ್ಸ್', ಬಿಡುಗಡೆ ಆಗಿದ್ದು ಮರುವರ್ಷ.

ಒಂದೇ ಸಿನಿಮಾ ನೋಡ್ತೀನಿ ಅನ್ನೋರು 'ಬಾಗ್ದಾದ್' ನೋಡಿ. ಎರಡನೇದಕ್ಕೆ ಪುರುಸೊತ್ತಿದ್ರೆ 'ಬ್ಲ್ಯಾಕ್ ನಾರ್ಸಿಸಸ್'. ಮಾಂಟೆಜ್ ಜೊತೆಗಿನ 'ಕೋಬ್ರಾ ವುಮನ್' ಬಿಟ್ರೂ ನಷ್ಟ ಏನಿಲ್ಲ, ಕಾಲೆಳೆಯೋಕೆ ಸ್ನೇಹಿತರು ಪಕ್ಕದಲ್ಲಿದ್ರೆ ಮಾತ್ರ ಹಾಕಿ.