ಬಲ್ಬಿನ ಮೇಲಿನ ಎಂಟು ಅಂಕಿ

ನನ್ನ ಅಂಗೈಯಲ್ಲಿರುವುದು ಒಂಬತ್ತು ವ್ಯಾಟ್‌ನ ಎಲ್‌ಇಡಿ ಬಲ್ಬ್. ಅಮ್ಮನ ಬಚ್ಚಲುಮನೆಗೆಂದು ನಾನೇ ತಂದುಕೊಟ್ಟಿದ್ದು. ಹಾಕಿದ ಮೂರನೆಯ ದಿನವೇ ಸುಟ್ಟ ವಾಸನೆ ಬಂತು. ಕ್ಯಾಪಿನ ಪಕ್ಕದಲ್ಲಿ ಪ್ಲಾಸ್ಟಿಕ್ ಹೇಗೆ ಕಂದಿದೆ, ನೋಡಿ. ಅದರ ಮೇಲೆಯೇ ದಪ್ಪ ಅಕ್ಷರದಲ್ಲಿ 'ಸಿಇ' ಎಂದಿದೆ. ಆ ಎರಡು ಅಕ್ಷರ ನಂಬಿಯೇ ಕೊಂಡಿದ್ದೆ.

ಸಿಇ ಯುರೋಪಿನ ಮಾರುಕಟ್ಟೆಯ ಗುರುತು. ಬಲ್ಬುಗಳ ಮಟ್ಟಿಗೆ, ನಿಯಮ ಪಾಲಿಸಿದ್ದೇವೆ ಎಂದು ತಯಾರಕರೇ ಘೋಷಿಸಿ ಅದನ್ನು ಹಾಕಿಕೊಳ್ಳುತ್ತಾರೆ. ಇಲ್ಲಿ ಮಾರುವ ಎಲ್‌ಇಡಿ ಬಲ್ಬಿಗೆ ಬೇಕಾದದ್ದು ಬೇರೆ: ಭಾರತೀಯ ಮಾನಕ ಬ್ಯೂರೋದ, ಅಂದರೆ ಬಿಐಎಸ್‌ನ, ಕಡ್ಡಾಯ ನೋಂದಣಿ. ಅದಕ್ಕೆ ಮೊದಲು ಬಿಐಎಸ್ ಒಪ್ಪಿದ ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಬೇಕು. ಸುರಕ್ಷತೆಯ ಮಾನಕ ಐಎಸ್ 16102, ಭಾಗ 1. ಕರೆಂಟ್ ಹರಿಯುವ ಭಾಗಕ್ಕೆ ಬೆರಳು ತಾಗುತ್ತದೆಯೇ, ಕ್ಯಾಪ್ ಎಷ್ಟು ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಬೆಂಕಿ ಹಿಡಿಯುತ್ತದೆಯೇ ಎಂದೆಲ್ಲ ನೋಡುತ್ತಾರೆ. ತೇವದ ವಾತಾವರಣದಲ್ಲಿ ಇಟ್ಟ ನಂತರವೂ ಕರೆಂಟ್ ಹೊರಸೋರದಂತೆ ತಡೆಯುವ ಇನ್ಸುಲೇಶನ್ ಉಳಿದಿದೆಯೇ ಎಂಬ ಪರೀಕ್ಷೆಯೂ ಇದೆ. ಬಚ್ಚಲುಮನೆಯ ಹಬೆ ಕಂಡವರಿಗೆ ಅದರ ಬೆಲೆ ಗೊತ್ತು.

ಇದು ಹೊಸ ಬಲ್ಬು. ಬಿಐಎಸ್ ಗುರುತಿನ ಜೊತೆಗೆ 'ಆರ್' ಅಕ್ಷರ, ಮುಂದೆ ಎಂಟು ಅಂಕಿ. ಅಚ್ಚು ಹಾಕುವುದು ಯಾರಿಗೂ ಕಷ್ಟವಲ್ಲ, ಆದ್ದರಿಂದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಈ ಸಂಖ್ಯೆ ಹಾಕುತ್ತಿದ್ದೇನೆ. ತಯಾರಕರ ಹೆಸರು ಬಂತು, ಡಬ್ಬಿಯ ಮೇಲಿನ ಹೆಸರಿಗೆ ಹೊಂದುತ್ತದೆ. ಹಳೆಯದರಲ್ಲಿ ಹುಡುಕಲು ಸಂಖ್ಯೆಯೇ ಇರಲಿಲ್ಲ. ಅಂಗಡಿಯಲ್ಲಿ ನಿಂತು ಒಂದು ನಿಮಿಷ ನೋಡಿದ್ದರೆ ಸಾಕಿತ್ತು ಎಂದು ಈಗಲೂ ಸಂಕಟವಾಗುತ್ತದೆ.

ಪಕ್ಕದಲ್ಲಿರುವ ನಕ್ಷತ್ರಗಳು ಇಂಧನ ದಕ್ಷತಾ ಬ್ಯೂರೋದವು, ಅಂದರೆ ಬಿಇಇಯವು. ಎಲ್‌ಇಡಿ ಬಲ್ಬುಗಳಿಗೆ 2018ರಿಂದ ಕಡ್ಡಾಯ. ಒಂದು ವ್ಯಾಟ್‌ಗೆ ಎಷ್ಟು ಬೆಳಕು ಎಂಬುದಷ್ಟನ್ನೇ ಅವು ಹೇಳುತ್ತವೆ, ಸುರಕ್ಷತೆಯನ್ನಲ್ಲ. ನೀರು ಸಿಡಿಯುವ ಜಾಗದ ಫಿಟಿಂಗ್‌ಗೆ ಐಪಿ ಸಂಖ್ಯೆ ನೋಡಿ: ಐಪಿ 65 ಎಂದರೆ 6 ಧೂಳಿನ ತಡೆಗೆ, 5 ನೀರಿನ ಧಾರೆಯ ತಡೆಗೆ.

ಬಲ್ಬು ಸರಿಯಾಯಿತು. ಅದನ್ನು ಹಾಕುವ ಕೈ? ಕರ್ನಾಟಕದಲ್ಲಿ ವೈರಿಂಗ್ ಮಾಡುವವರಿಗೆ ವಿದ್ಯುತ್ ಪರಿವೀಕ್ಷಣಾಲಯ ಇಲಾಖೆ ವೈರ್‌ಮನ್ ಪರವಾನಗಿ ಕೊಡುತ್ತದೆ. ಈ ಸಲ ಅದನ್ನು ಕೇಳಿಯೇ ಕರೆಸಿದೆ. ಬಂದವರು ಬೇಸರಿಸಲಿಲ್ಲ, ಜೇಬಿನಿಂದ ತೆಗೆದು ತೋರಿಸಿದರು. ಬಲ್ಬು ಹಾಕುವ ಮೊದಲು ಸ್ವಿಚ್ ಆರಿಸಿ, ಹೋಲ್ಡರಿಗೆ ಟೆಸ್ಟರ್ ಇಟ್ಟರು. ಟೆಸ್ಟರ್ ಉರಿಯಿತು.

"ಅಮ್ಮಾ, ಸ್ವಿಚ್ಚಿಗೆ ನ್ಯೂಟ್ರಲ್ ತಂತಿ ಕೊಟ್ಟಿದ್ದಾರೆ. ಆರಿಸಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ" ಎಂದರು.

ಅಮ್ಮ ಎಷ್ಟೋ ವರ್ಷಗಳಿಂದ ಒದ್ದೆ ಕೈಯಲ್ಲೇ ಅಲ್ಲಿ ಬಲ್ಬು ಬದಲಿಸಿದ್ದಾಳೆ. ವೈರ್‌ಮನ್ ಮೇನ್ ಆರಿಸಿ, ಕರೆಂಟ್ ತರುವ ಫೇಸ್ ತಂತಿಯನ್ನು ಸ್ವಿಚ್ಚಿಗೆ ತಂದರು. ಮೇನ್ ಹಾಕಿ, ಸ್ವಿಚ್ ಆರಿಸಿ, ಮತ್ತೆ ಟೆಸ್ಟರ್ ಇಟ್ಟರು. ಉರಿಯಲಿಲ್ಲ. ಆಮೇಲೆಯೇ ಹೊಸ ಬಲ್ಬನ್ನು ಅವರ ಕೈಗೆ ಕೊಟ್ಟೆ.