ವಿದೇಶದಲ್ಲಿ ಮಾಸ್ಟರ್ಸ್: ಸರ್ಕಾರಿ ಸ್ಕಾಲರ್‌ಶಿಪ್ ಯಾರಿಗೆ ಸಿಗುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ.

ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಓದುತ್ತಿರುವ ಹುಡುಗಿಯನ್ನು ಕೇಳಿ. ಕೋಲಾರದ ಟಮಕದಲ್ಲಿ ಎಂ.ಎಸ್ಸಿ ಮಾಡುವ ಹುಡುಗನನ್ನು ಕೇಳಿ. ಹೊರದೇಶಕ್ಕೆ ಹೋಗಿ ಮಾಸ್ಟರ್ಸ್ ಮಾಡ್ತೀರಾ ಅಂದರೆ ಮೊದಲು ಬರುವ ಉತ್ತರ ‘ಅಷ್ಟು ದುಡ್ಡೆಲ್ಲಿದೆ ಸರ್’. ಸ್ಕಾಲರ್‌ಶಿಪ್ ಇದೆಯಲ್ಲ ಅಂದರೆ ‘ಅದೆಲ್ಲ ರ‍್ಯಾಂಕ್ ಬಂದವರಿಗೆ’. ಇವತ್ತಿನ ನನ್ನ ಮಾತು ಈ ಎರಡನೇ ಉತ್ತರದ ಬಗ್ಗೆ. ಬೇರೆ ದೇಶಗಳ ಸರ್ಕಾರಗಳು ಕೊಡುವ ಸ್ಕಾಲರ್‌ಶಿಪ್‌ಗಳ ಅರ್ಹತೆಯ ಪಟ್ಟಿಯನ್ನು ತೆಗೆದು ನೋಡಿದರೆ, ರ‍್ಯಾಂಕ್ ಅನ್ನುವ ಮಾತು ಸಿಗುವುದೇ ಕಷ್ಟ. ನಮ್ಮ ಮಕ್ಕಳು ಅಲ್ಲಿ ಎಡವುವುದು ಬೇರೆ ಕಲ್ಲುಗಳಿಗೆ.

ಸರ್ಕಾರದ ದುಡ್ಡಿನಲ್ಲಿ ಊರು ಬಿಟ್ಟು ಓದಲು ಹೋಗುವುದು ನಮ್ಮ ಕಡೆಗೆ ಹೊಸದೇನಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನಲ್ಲಿ ಬಿ.ಎ ಮುಗಿಸಿ, ಎಂಜಿನಿಯರಿಂಗ್ ಓದಲು ಪುಣೆಗೆ ಹೋದದ್ದು ಮೈಸೂರು ಸರ್ಕಾರದ ನೆರವಿನಿಂದಲೇ. ಆಗ ಪುಣೆ ಅಂದರೆ ಬೇರೊಂದು ಆಡಳಿತದ ಊರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಅಮೆರಿಕದ ಒಹಾಯೊ ರಾಜ್ಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದವರು. ದಾರಿ ಹಳೆಯದೇ. ಅದರ ನಿಯಮಗಳು ಮಾತ್ರ ಈಗ ಜಾಸ್ತಿ.

ಮಾರ್ಕ್ಸ್ ವಿಷಯ ಮೊದಲು ಮುಗಿಸಿಬಿಡೋಣ. ಅಮೆರಿಕಕ್ಕೆ ಹೋಗುವ ಫುಲ್‌ಬ್ರೈಟ್–ನೆಹರು ಮಾಸ್ಟರ್ಸ್ ಫೆಲೋಶಿಪ್ ಕೇಳುವುದು ಡಿಗ್ರಿಯಲ್ಲಿ ಕನಿಷ್ಠ 55 ಪರ್ಸೆಂಟ್. ಬ್ರಿಟನ್ ಸರ್ಕಾರದ ಚೀವ್ನಿಂಗ್‌ಗೆ ಅಲ್ಲಿನ ವಿಶ್ವವಿದ್ಯಾಲಯ ಸೇರಿಸಿಕೊಳ್ಳುವಷ್ಟು ಅಂಕ ಇದ್ದರೆ ಆಯಿತು. ಹೆಚ್ಚಿನ ಕಡೆ ಅದು ನಮ್ಮ ಫಸ್ಟ್ ಕ್ಲಾಸಿನ ಆಸುಪಾಸು. ಇಷ್ಟೇ.

ಈಗ ಮೊದಲನೇ ಕಲ್ಲು. ನಿಮ್ಮ ಡಿಗ್ರಿ ಎಷ್ಟು ವರ್ಷದ್ದು? ನಮ್ಮ ಬಿ.ಎ, ಬಿ.ಕಾಂ, ಬಿ.ಎಸ್ಸಿ ಮೂರು ವರ್ಷ. ಶಾಲೆ, ಪಿಯುಸಿ ಸೇರಿಸಿದರೆ ಒಟ್ಟು 15 ವರ್ಷದ ಓದು. ಅಮೆರಿಕದವರ ಡಿಗ್ರಿ ನಾಲ್ಕು ವರ್ಷ, ಅಂದರೆ ಅವರ ಲೆಕ್ಕ 16. ಹಾಗಾಗಿ ಫುಲ್‌ಬ್ರೈಟ್–ನೆಹರು ನಿಯಮ ಹೀಗಿದೆ: ಡಿಗ್ರಿ ನಾಲ್ಕು ವರ್ಷದ್ದಾಗಿರಬೇಕು, ಇಲ್ಲವಾದರೆ ಅದರ ಮೇಲೆ ಇಲ್ಲೇ ಒಂದು ಮಾಸ್ಟರ್ಸ್ ಅಥವಾ ಪೂರ್ಣಾವಧಿ ಪಿ.ಜಿ ಡಿಪ್ಲೊಮಾ ಮುಗಿಸಿರಬೇಕು. ಬಿ.ಇ ಮಾಡಿದವರಿಗೆ, ಬಿ.ಎಸ್ಸಿ ಅಗ್ರಿ ಮಾಡಿದವರಿಗೆ ಈ ತಲೆನೋವು ಇಲ್ಲ. ಅವು ನಾಲ್ಕು ವರ್ಷದವು. ಬಂಗಾರಪೇಟೆಯ ಡಿಗ್ರಿ ಕಾಲೇಜಿನಲ್ಲಿ ಬಿ.ಎ ಮಾಡಿದವರು ಮೊದಲು ಇಲ್ಲಿ ಎಂ.ಎ ಮಾಡಿಕೊಳ್ಳಬೇಕು. 2021ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವೆ ಸೇರಿ ನಾಲ್ಕನೇ ವರ್ಷವನ್ನೂ ಓದಿದವರು ಇದ್ದರೆ, ಆ ವರ್ಷದ ಮಾರ್ಕ್ಸ್ ಕಾರ್ಡ್ ಜೋಪಾನ ಮಾಡಿಕೊಳ್ಳಿ. ಸುಮ್ನೆ ಒಂದು ವರ್ಷ ಹಾಳಾಯಿತು ಅಂತ ಕೊರಗಿದವರಿಗೆ ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಬ್ರಿಟನ್‌ನವರದು ಬೇರೆ ಕಥೆ. ಇಂಗ್ಲೆಂಡಿನಲ್ಲಿ ಡಿಗ್ರಿ ಸಾಮಾನ್ಯವಾಗಿ ಮೂರೇ ವರ್ಷ. ಹಾಗಾಗಿ ನಮ್ಮ ಮೂರು ವರ್ಷಕ್ಕೆ ಅಲ್ಲಿ ಅಷ್ಟು ತಕರಾರಿಲ್ಲ.

ಎರಡನೇ ಕಲ್ಲು ಕೆಲಸದ ಅನುಭವ. ನನ್ನ ಲೆಕ್ಕದಲ್ಲಿ ದೊಡ್ಡದು ಇದೇ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ.

ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದ ಕೈಯಲ್ಲೇ ಅರ್ಜಿ ಹಾಕಲು ಹೊರಡುವವರು ಬಹಳ. ಆದರೆ ಚೀವ್ನಿಂಗ್ ಕೇಳುವುದು ಎರಡು ವರ್ಷದ ಅನುಭವ. ಅದನ್ನು ಗಂಟೆಯಲ್ಲಿ ಹೇಳುತ್ತಾರೆ: 2,800 ಗಂಟೆ. ಜರ್ಮನಿಯ ಡಾಡ್ ಸಂಸ್ಥೆ ಅಭಿವೃದ್ಧಿಗೆ ಸಂಬಂಧಪಟ್ಟ ಮಾಸ್ಟರ್ಸ್ ಕೋರ್ಸುಗಳಿಗೆ ಕೊಡುವ ಸ್ಕಾಲರ್‌ಶಿಪ್‌ಗೂ ಎರಡು ವರ್ಷ ಬೇಕು. ಫುಲ್‌ಬ್ರೈಟ್–ನೆಹರು ಮಾಸ್ಟರ್ಸ್‌ಗೆ ಮೂರು ವರ್ಷ. ಇನ್ನೂ ಒಂದು ಮಾತು. ಒಂದು ಕಡೆ ಅನುಭವ ಅಂತ ಒಪ್ಪಿಕೊಂಡದ್ದನ್ನು ಇನ್ನೊಂದು ಕಡೆ ಒಪ್ಪುವುದಿಲ್ಲ.

ಶ್ರೀನಿವಾಸಪುರದ ಒಬ್ಬ ಹುಡುಗಿ ಅಂದುಕೊಳ್ಳಿ. ಡಿಗ್ರಿ ಮುಗಿಸಿ, ಮಾವು ಬೆಳೆಗಾರರ ಒಂದು ಕಂಪನಿಯಲ್ಲಿ ದಿನಾ ಅರ್ಧ ದಿನ ಲೆಕ್ಕ ಬರೆಯುತ್ತಾಳೆ, ಮಂಡಿಯವರ ಹತ್ತಿರ ರೇಟು ಮಾತಾಡುತ್ತಾಳೆ. ಸಂಬಳ ಇಲ್ಲ. ಊರಿನವರ ಕೆಲಸ ಅಂತ ಮಾಡುತ್ತಾಳೆ. ವಾರಕ್ಕೆ 20 ಗಂಟೆ ಇಟ್ಟುಕೊಳ್ಳಿ. 140 ವಾರಕ್ಕೆ 2,800 ಗಂಟೆ ಆಯಿತು, ಅಂದರೆ ಎರಡು ಮುಕ್ಕಾಲು ವರ್ಷಕ್ಕೆ ಸ್ವಲ್ಪ ಕಮ್ಮಿ. ಚೀವ್ನಿಂಗ್‌ಗೆ ಇದು ನಡೆಯುತ್ತದೆ. ಅರೆಕಾಲಿಕ ಆದರೂ ಸರಿ, ಸಂಬಳ ಇಲ್ಲದ ಸ್ವಯಂಸೇವೆ ಆದರೂ ಸರಿ, ಎರಡು ಮೂರು ಕಡೆಯ ಕೆಲಸ ಕೂಡಿಸಿದರೂ ಸರಿ. ಅದೇ ಹುಡುಗಿ ಫುಲ್‌ಬ್ರೈಟ್‌ಗೆ ಹೋದರೆ? ಅಲ್ಲಿ ಸಂಬಳ ಇರುವ ಪೂರ್ಣಾವಧಿ ಕೆಲಸವೇ ಆಗಬೇಕು. ಅದೂ ಮುಂದೆ ಓದಲಿರುವ ವಿಷಯಕ್ಕೆ ಸಂಬಂಧಪಟ್ಟದ್ದು. ಇವಳ ಅಷ್ಟೂ ದುಡಿಮೆ ಅಲ್ಲಿ ಸೊನ್ನೆ. ಅನ್ಯಾಯ ಅನ್ನಿಸಬಹುದು. ಆದರೆ ನಿಯಮ ಅವರದು, ಅಲ್ವಾ.

ಅದಕ್ಕೇ ಹೇಳುವುದು, ಕೆಲಸ ಎಲ್ಲೇ ಮಾಡಿ, ಬಿಡುವಾಗ ಅನುಭವ ಪತ್ರ ತೆಗೆದುಕೊಳ್ಳಿ. ‘ಇವರು ನಮ್ಮಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡಿದ್ದಾರೆ’ ಅನ್ನುವ ಎರಡು ಸಾಲಿನ ಪತ್ರ ಸಾಲದು. ಲೆಟರ್‌ಹೆಡ್ ಮೇಲೆ, ಸೇರಿದ ತಾರೀಖು, ಬಿಟ್ಟ ತಾರೀಖು, ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಇಷ್ಟು ಇರಲಿ. ಸೀಲು, ಸಹಿ ಇರಲಿ. ಮೂರು ವರ್ಷ ಬಿಟ್ಟು ಹೋಗಿ ಕೇಳಿದರೆ ಆ ಮ್ಯಾನೇಜರ್ ಅಲ್ಲಿ ಇರುವುದಿಲ್ಲ.

ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ಅನುಭವ ಕೇಳುವುದಿಲ್ಲ. ಅದು ಕೇಳುವುದು ಬೇರೆ. ವಯಸ್ಸು 35 ತುಂಬಿರಬಾರದು. ಹಿಂದೆ ಓದಿದ ವಿಷಯಕ್ಕೂ ಅಲ್ಲಿ ಸಂಶೋಧನೆ ಮಾಡುವ ವಿಷಯಕ್ಕೂ ನಂಟು ಇರಬೇಕು. ಜಪಾನಿ ಭಾಷೆ ಬರಲೇಬೇಕೆಂದಿಲ್ಲ, ಕಲಿಯುವ ಮನಸ್ಸು ಬೇಕು. ರಾಯಭಾರ ಕಚೇರಿಯ ಮೂಲಕ ಹೋದರೆ ಒಂದು ಬರಹದ ಪರೀಕ್ಷೆ, ಆಮೇಲೆ ಸಂದರ್ಶನ. ಬಿ.ಕಾಂ ಮಾಡಿದವರು ಜಪಾನಿಗೆ ಹೋಗಿ ರೋಬೋಟ್ ಓದುತ್ತೇನೆ ಅಂದರೆ ಆಗುವುದಿಲ್ಲ. ಆದರೆ ರೇಷ್ಮೆ ಕೃಷಿ ಓದಿದ ಚಿಂತಾಮಣಿಯ ಹುಡುಗಿ ಹುಳುವಿನ ತಳಿಯ ಬಗ್ಗೆಯೋ ರೋಗದ ಬಗ್ಗೆಯೋ ಕೆಲಸ ಮಾಡುತ್ತೇನೆ ಅಂದರೆ, ಅವಳ ವಿಷಯ ನೆಟ್ಟಗೆ ಕೂರುತ್ತದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿ ಬೆಳೆದವಳಿಗೆ ಸಂದರ್ಶನದಲ್ಲಿ ಹೇಳುವುದಕ್ಕೇನು ಕಮ್ಮಿ?

ವಯಸ್ಸಿನ ಮಾತು ಬಂತಲ್ಲ. ಚೀವ್ನಿಂಗ್‌ಗೆ ವಯಸ್ಸಿನ ಮೇಲ್ಮಿತಿ ಇಲ್ಲ. ಹತ್ತು ವರ್ಷ ಪಾಠ ಮಾಡಿದ ಮೇಷ್ಟ್ರೂ ಹಾಕಬಹುದು. ನಾನು ಹೇಳಿದ ಆ ಜರ್ಮನಿಯದಕ್ಕೆ ನಿಮ್ಮ ವಯಸ್ಸಿಗಿಂತ ಡಿಗ್ರಿಯ ವಯಸ್ಸು ಮುಖ್ಯ. ಕೊನೆಯ ಡಿಗ್ರಿ ಮುಗಿಸಿ ಸಾಮಾನ್ಯವಾಗಿ ಆರು ವರ್ಷಕ್ಕಿಂತ ಜಾಸ್ತಿ ಆಗಿರಬಾರದು. ಎರಡು ವರ್ಷ ಕೆಲಸ ಆಗಿರಬೇಕು, ಆರು ವರ್ಷ ದಾಟಿರಬಾರದು. ಕಿಟಕಿ ಅಷ್ಟೇ ಅಗಲ. ಮದುವೆ, ಬಾಣಂತನ ಅಂತ ನಡುವೆ ನಿಂತ ಹೆಣ್ಣುಮಕ್ಕಳು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಇನ್ನು ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ. ‘ಓದಿ ಅಲ್ಲೇ ಕೆಲಸ ಹಿಡೀಬಹುದಾ?’ ಚೀವ್ನಿಂಗ್ ಪಡೆದವರು ಓದು ಮುಗಿದ ಮೇಲೆ ಊರಿಗೆ ಮರಳಿ ಕನಿಷ್ಠ ಎರಡು ವರ್ಷ ಇರಬೇಕು. ಫುಲ್‌ಬ್ರೈಟ್‌ನವರು ಹೋಗುವ ಜೆ–1 ವೀಸಾದಲ್ಲೂ ಎರಡು ವರ್ಷ ಸ್ವದೇಶದಲ್ಲಿರುವ ಷರತ್ತು ಇದೆ. ಅದು ಮುಗಿಯದೆ ಅಮೆರಿಕದ ಎಚ್–1ಬಿ ಕೆಲಸದ ವೀಸಾ ಸಿಗುವುದಿಲ್ಲ. ಹಾಗಾಗಿ ಮನೆ ಸಾಲ ತೀರಿಸಲು ಡಾಲರ್ ಸಂಬಳವೇ ಬೇಕು ಅನ್ನುವವರಿಗೆ ಈ ದಾರಿ ಹೊಂದುವುದಿಲ್ಲ. ಇದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಸಂದರ್ಶನದಲ್ಲಿ ‘ವಾಪಸ್ ಬಂದು ಏನು ಮಾಡುತ್ತೀರಿ’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ‘ದೇಶಸೇವೆ ಮಾಡುತ್ತೇನೆ’ ಅಂದರೆ ಯಾರೂ ನಂಬುವುದಿಲ್ಲ. ಕೋಲಾರದ ಕೆರೆಗಳಿಗೆ ಬರುತ್ತಿರುವ ಸಂಸ್ಕರಿಸಿದ ನೀರಿನ ಗುಣಮಟ್ಟದ ಮೇಲೆ ಕೆಲಸ ಮಾಡುತ್ತೇನೆ ಅನ್ನಿ. ಟೊಮೆಟೊ ರೇಟು ಬಿದ್ದಾಗ ರಸ್ತೆಗೆ ಸುರಿಯುವುದು ತಪ್ಪುವಂತೆ ಸಂಸ್ಕರಣಾ ಘಟಕದ ಯೋಜನೆ ಇದೆ ಅನ್ನಿ. ಆಗ ಎದುರಿಗಿರುವವರು ಪೆನ್ನು ಎತ್ತಿಕೊಳ್ಳುತ್ತಾರೆ.

ನಮ್ಮ ಸರ್ಕಾರವೇ ಕಳಿಸುವ ಸ್ಕಾಲರ್‌ಶಿಪ್‌ಗಳೂ ಇವೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿ ಸಮುದಾಯಗಳಿಗೆ, ಭೂಮಿ ಇಲ್ಲದ ಕೃಷಿ ಕೂಲಿಕಾರರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 125 ಮಂದಿ. ಅಂಕ 60 ಪರ್ಸೆಂಟ್, ವಯಸ್ಸು 35ರೊಳಗೆ, ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗೆ. 2022ರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಬಗ್ಗೆ ಹೊರದೇಶದಲ್ಲಿ ಸಂಶೋಧನೆ ಮಾಡಲು ಈ ಹಣ ಇಲ್ಲ ಅಂತ ಸೇರಿಸಿದರು. ಜಾತಿಯ ಬಗ್ಗೆ ಓದಬೇಕು ಅಂದುಕೊಂಡವರಿಗೆ ಅದರಿಂದ ಬಾಗಿಲು ಮುಚ್ಚಿತು. ನನಗೆ ಇದು ಸರಿ ಕಾಣುವುದಿಲ್ಲ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರಬುದ್ಧ ಯೋಜನೆ ಇದೆ. ಅದರ ಈ ವರ್ಷದ ನಿಯಮಗಳನ್ನು ಇಲಾಖೆಯ ಜಿಲ್ಲಾ ಕಚೇರಿಯಲ್ಲೇ ಕೇಳಿಕೊಳ್ಳಿ.

ಕಾಗದಪತ್ರದ ವಿಷಯದಲ್ಲಿ ಒಂದೇ ಒಂದನ್ನು ಹೇಳುತ್ತೇನೆ. ಹೆಸರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ‘ಮಂಜುಳ ಎನ್’ ಅಂತ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆಯಬೇಕು, ಅಲ್ಲಿ ‘ಮಂಜುಳ ನಾರಾಯಣಪ್ಪ’ ಆಗುತ್ತದೆ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಯಾರೋ ‘ಮಂಜುಳಾ’ ಅಂತ ಇಂಗ್ಲಿಷಿನಲ್ಲಿ ಒಂದು ‘ಎ’ ಜಾಸ್ತಿ ಹಾಕಿರುತ್ತಾರೆ. ಆಧಾರ್‌ನಲ್ಲಿ ಬರೀ ‘ಮಂಜುಳ’. ನಮಗೆ ನಾಲ್ಕೂ ಒಬ್ಬಳೇ. ಲಂಡನ್ನಿನಲ್ಲಿ ಕೂತು ಅರ್ಜಿ ನೋಡುವವರಿಗೆ ಮೂರು ನಾಲ್ಕು ಜನ. ಇದನ್ನು ಸರಿಮಾಡಲು ಅಫಿಡವಿಟ್ಟು, ಗೆಜೆಟ್ಟು, ವಿಶ್ವವಿದ್ಯಾಲಯದ ಕಿಟಕಿ ಅಂತ ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊದಲು ಪಾಸ್‌ಪೋರ್ಟ್ ಮಾಡಿಸಿ, ಮಿಕ್ಕದ್ದನ್ನೆಲ್ಲ ಅದರ ಪಕ್ಕ ಇಟ್ಟು ನೋಡಿ.

ಇಂಗ್ಲಿಷಿನ ಭಯದ ಬಗ್ಗೆ ಎರಡೇ ಮಾತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು ಅಂತ ಬೆಳೆದವರು ನಮ್ಮ ಕಡೆ ಎಷ್ಟೋ ಮಂದಿ. ಐಇಎಲ್‌ಟಿಎಸ್‌ನಂಥ ಪರೀಕ್ಷೆಯಲ್ಲಿ ಎಷ್ಟು ಅಂಕ ಬೇಕು ಅನ್ನುವುದು ಹೆಚ್ಚಾಗಿ ನೀವು ಸೇರುವ ಕೋರ್ಸಿನ ಮೇಲೆ ನಿಂತಿದೆ. ಕೋರ್ಸ್ ಮೊದಲು ನೋಡಿ, ಕೋಚಿಂಗ್ ಆಮೇಲೆ.

ಮತ್ತೊಂದು ಎಚ್ಚರಿಕೆ. ‘ಸ್ಕಾಲರ್‌ಶಿಪ್ ಗ್ಯಾರಂಟಿ’ ಅಂತ ಬೋರ್ಡು ಹಾಕಿ ದುಡ್ಡು ಕೇಳುವವರಿದ್ದಾರೆ. ಚೀವ್ನಿಂಗ್, ಫುಲ್‌ಬ್ರೈಟ್–ನೆಹರು, ಮೆಕ್ಸ್ಟ್, ಇವಕ್ಕೆ ಅರ್ಜಿ ಶುಲ್ಕವೇ ಇಲ್ಲ. ಸೇರುವ ವಿಶ್ವವಿದ್ಯಾಲಯ ತನ್ನ ಅರ್ಜಿಗೆ ಬೇರೆಯಾಗಿ ಶುಲ್ಕ ಕೇಳಬಹುದು, ಅಷ್ಟೇ.

ಕೊನೆಯದಾಗಿ ತಾರೀಖು. ಜಪಾನಿನದು ಸಾಮಾನ್ಯವಾಗಿ ಏಪ್ರಿಲ್, ಮೇ ಸುಮಾರಿಗೆ. ಫುಲ್‌ಬ್ರೈಟ್–ನೆಹರು ಮಾಸ್ಟರ್ಸ್ ಬೇಸಿಗೆಯಲ್ಲಿ ಮುಚ್ಚುತ್ತದೆ, ಹೋಗುವುದು ಅದರ ಮುಂದಿನ ವರ್ಷ. ಚೀವ್ನಿಂಗ್ ಆಗಸ್ಟ್‌ನಲ್ಲಿ ತೆರೆಯುತ್ತದೆ. ಅದಕ್ಕೆ ಬ್ರಿಟನ್ನಿನ ಮೂರು ಕೋರ್ಸುಗಳನ್ನು ಆರಿಸಿ ಬರೆಯಬೇಕು, ಮುಂದೆ ಅವುಗಳಲ್ಲಿ ಒಂದರಿಂದಾದರೂ ಯಾವ ಷರತ್ತೂ ಇಲ್ಲದ ಸೀಟಿನ ಪತ್ರ ಬಂದಿರಬೇಕು. ದಿನಾಂಕ ವರ್ಷವರ್ಷಕ್ಕೆ ಆಚೀಚೆ ಆಗುತ್ತದೆ. ಆಯಾ ಸ್ಕಾಲರ್‌ಶಿಪ್‌ನ ಅಧಿಕೃತ ವೆಬ್‌ಸೈಟಿನಲ್ಲೇ ನೋಡಿ, ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ನಂಬಬೇಡಿ. ಶಿಫಾರಸು ಪತ್ರ ಕೊಡುವ ಮೇಷ್ಟ್ರ ಹತ್ತಿರ ಕೊನೇ ದಿನದ ಹಿಂದಿನ ಸಂಜೆ ಹೋಗಬೇಡಿ. ಅವರಿಗೂ ಪೇಪರ್ ವ್ಯಾಲ್ಯುಯೇಶನ್ ಇರುತ್ತದೆ. ಒಂದು ತಿಂಗಳು ಮುಂಚೆ, ನಿಮ್ಮ ಮಾರ್ಕ್ಸ್ ಕಾರ್ಡ್, ಒಂದು ಪುಟದಲ್ಲಿ ನೀವು ಮಾಡಿದ ಕೆಲಸದ ವಿವರ ಹಿಡಿದುಕೊಂಡು ಹೋಗಿ.

ನಮಸ್ಕಾರ.